ಪಂಪಿಗೆ ಎಷ್ಟು ಮುಚ್ಚಳ?

(ಪುಣೆಯ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಆಡಿದ್ದನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ನಡುವೆ ಚಹಾ ಬಂದಾಗ ಕಡಿದುಹೋದ ಎಳೆಯನ್ನು ಮಾತ್ರ ಇಲ್ಲಿ ಗಂಟು ಹಾಕಿದ್ದೇನೆ.)

ಮೊದಲು ನಿಮಗೊಂದು ಪ್ರಶ್ನೆ. ಇಲ್ಲಿ ಕೂತವರಲ್ಲಿ ಎಷ್ಟು ಜನರ ಫೋನಿಗೆ ಊರಿನ ಒಟಿಪಿ ಬರುತ್ತದೆ? ಅಪ್ಪನ ಬೆಳೆ ವಿಮೆಯದೋ, ಅವ್ವನ ಹೆಸರಿನ ಪಿಎಂ ಕಿಸಾನ್‌ದೋ? ನಾಚಿಕೊಳ್ಳಬೇಡಿ, ಕೈ ಎತ್ತಿ.

ನೋಡಿದ್ರಾ, ಅರ್ಧಕ್ಕಿಂತ ಹೆಚ್ಚು. ಹಿಂಜವಡಿಯ ಆಫೀಸಿನಲ್ಲಿ ಮೀಟಿಂಗ್ ನಡೆದಿರುತ್ತದೆ, ಊರಿಂದ ಫೋನು: "ನಂಬರ್ ಬಂತೇನೋ? ಲಗೂನ ಹೇಳು, ಹಿಂದ ಪಾಳಿ ಐತಿ." ಆರು ಅಂಕಿ ಪಿಸುಗುಟ್ಟಿ ಮತ್ತೆ ಮೀಟಿಂಗಿಗೆ ಬರುತ್ತೀರಿ. ಸರ್ಕಾರದ ಲೆಕ್ಕದಲ್ಲಿ ಆ ಫೋನ್ ನಂಬರ್ ರೈತನದು. ಫೋನು ಇರುವುದು ಪುಣೆಯಲ್ಲಿ. ಮಳೆಯ ಮುನ್ಸೂಚನೆ ಆ ನಂಬರಿಗೆ ಬಂದರೆ ಅದನ್ನು ಓದುವವರು ನೀವು. ನೀವು ಓದಿ ಅಳಿಸಿದ ಮೆಸೇಜುಗಳೆಲ್ಲ "ರೈತರಿಗೆ ತಲುಪಿದ ಮಾಹಿತಿ" ಅನ್ನುವ ಕಾಲಮ್ಮಿನಲ್ಲಿ ಜಮಾ ಆಗಿರುತ್ತವೆ.

ಸಂಘಟಕರು ಕೊಟ್ಟ ವಿಷಯ ದೊಡ್ಡದು: ಡಿಜಿಟಲ್ ತಂತ್ರಜ್ಞಾನದಿಂದ ರೈತರಿಗೆ ಕೃಷಿ ಮಾಹಿತಿ ಎಷ್ಟು ಸಿಗುತ್ತಿದೆ ಅಂತ. ನಾನು ಒಪ್ಪಿಕೊಂಡದ್ದಕ್ಕೆ ಕಾರಣ, ನನ್ನದೊಂದು ತಪ್ಪೊಪ್ಪಿಗೆ ಬಾಕಿ ಇತ್ತು.

ಕೆಲವು ವರ್ಷ ನಾನು ಇದೇ ಊರಿನಲ್ಲಿ ರೈತರಿಗೆ ಎಸ್ಸೆಮ್ಮೆಸ್ ಬರೆಯುವ ಕೆಲಸ ಮಾಡಿದೆ. ಕಂಪನಿಯ ಹೆಸರು ಬೇಡ. ಹವಾಮಾನ, ರೋಗ, ಪೇಟೆ ಧಾರಣೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಕನ್ನಡಕ್ಕೆ ಇಳಿಸಿ ಕಳಿಸುವುದು ನನ್ನ ಪಾಲು. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಜಾಗ ಅಂತ ನಿಮಗೆಲ್ಲ ಗೊತ್ತು. ಕನ್ನಡದಲ್ಲಿ ಬರೆದರೆ ಎಷ್ಟು ಗೊತ್ತೇ? ಎಪ್ಪತ್ತು. ಯೂನಿಕೋಡ್ ಆದಕೂಡಲೇ ಒಂದು ಸಂದೇಶಕ್ಕೆ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರವಲ್ಲ. "ದ್ರಾಕ್ಷಿ" ನಮ್ಮ ಕಣ್ಣಿಗೆ ಎರಡಕ್ಷರ. ಯಂತ್ರಕ್ಕೆ ದ, ಅರ್ಧ ಮಾಡುವ ಚಿಹ್ನೆ, ರ, ದೀರ್ಘ, ಕ, ಮತ್ತೆ ಆ ಚಿಹ್ನೆ, ಷ, ಗುಡಿಸು, ಒಟ್ಟು ಎಂಟು. ಇಂಗ್ಲಿಷಿನ ಗ್ರೇಪ್ ಐದರಲ್ಲಿ ಮುಗಿಯುತ್ತದೆ. ಎಪ್ಪತ್ತು ದಾಟಿದರೆ ಎರಡನೇ ಸಂದೇಶದ ಖರ್ಚು, ಲಕ್ಷ ಜನಕ್ಕೆ ಕಳಿಸುವಾಗ ಅದು ಸಣ್ಣದಲ್ಲ. ಹಾಗಾಗಿ ನನಗಿದ್ದ ಅಪ್ಪಣೆ ಒಂದೇ: ಕತ್ತರಿಸು.

ಕತ್ತರಿಸುವಾಗ ಮೊದಲು ಬೀಳುವುದು ಯಾವುದು? ರೋಗದ ಹೆಸರು ಬೀಳುವಂತಿಲ್ಲ, ಔಷಧದ ಹೆಸರು, ಪ್ರಮಾಣ ಬೀಳುವಂತಿಲ್ಲ. ಬೀಳುವುದು "ಆದರೆ", "ಒಂದು ವೇಳೆ", "ತಗ್ಗಿನ ಜಾಗವಾಗಿದ್ದರೆ", "ಹೂ ಬಿಡುವ ಹಂತದಲ್ಲಿದ್ದರೆ". ಒಕ್ಕಲುತನ ಪೂರಾ ನಿಂತಿರುವುದೇ ಈ ಆದರೆಗಳ ಮೇಲೆ.

ನನ್ನ ಕಾಕಾ ತಿಕೋಟಾ ಕಡೆಯವನು. ಎರಡೆಕರೆ ದ್ರಾಕ್ಷಿ ಪಡ. ವಿಜಯಪುರ ಸೀಮೆಯವರು ಇಲ್ಲಿ ಇದ್ದೀರಿ, ನಿಮಗೆ ಹೇಳಬೇಕಾಗಿಲ್ಲ: ಏಪ್ರಿಲ್‌ನಲ್ಲೊಂದು ಚಾಟಣಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲೊಂದು. ಅಕ್ಟೋಬರ್ ಚಾಟಣಿ ಆಗಿ ಗೊನೆ ಹೊರಟು ಹೂವಿಗೆ ಬರುವ ಹೊತ್ತಿಗೆ ಒಂದು ಅವಕಾಳಿ (ಅಕಾಲದ) ಮಳೆ ಹೊಡೆದರೆ ದಾವಣಿ ಅನ್ನುವ ಬೂಷ್ಟು ರೋಗ ಬಾಗಿಲಿಗೆ ಬಂತೆಂದೇ ಅರ್ಥ. ಅಂಥದೊಂದು ನವೆಂಬರ್. ನನಗೆ ಬಂದ ಮೂಲ ಪಠ್ಯದಲ್ಲಿ ಹೀಗಿತ್ತು: ಜಿಲ್ಲೆಯಲ್ಲಿ ಮುಖ್ಯವಾಗಿ ಒಣ ಹವೆ, ಒಂದೆರಡು ಕಡೆ ಹಗುರದಿಂದ ಸಾಧಾರಣ ಮಳೆ. "ಒಂದೆರಡು ಕಡೆ" ಅನ್ನುವುದು ಸುಮ್ಮನೆ ಹಾಕುವ ಮಾತಲ್ಲ. ಹವಾಮಾನ ಇಲಾಖೆಯ ಭಾಷೆಯಲ್ಲಿ ಅದಕ್ಕೆ ಅಳತೆ ಇದೆ: ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ. ನೂರಕ್ಕೆ ಇಪ್ಪತ್ತೈದು ಊರಿಗೆ ಮಳೆ ಬೀಳಬಹುದು ಅಂತ. ನಾನು ಎಪ್ಪತ್ತರೊಳಗೆ ಹಿಡಿಸುವುದಕ್ಕೆ "ಜಿಲ್ಲೆಯಲ್ಲಿ ಒಣ ಹವೆ" ಅಂತ ಬರೆದೆ.

ಎರಡು ದಿನ ಬಿಟ್ಟು ಕಾಕಾನ ಫೋನು. "ತಮ್ಮಾ, ನಿನ್ನ ಮೆಸೇಜ್ ಬಂದಿತ್ತು. ಒಣಾ ಹವಾ ಅಂತ ಇತ್ತು. ನಿನ್ನಿ ರಾತ್ರಿ ಎರಡು ತಾಸು ಹೊಡೀತು ನೋಡು ಮಳಿ. ಎಣ್ಣಿ ಹೊಡೀಬೇಕಂತ ನೀರು ತುಂಬಿಸಿ ಇಟ್ಟಿದ್ದೆ, ಮೆಸೇಜ್ ನೋಡಿ ಬಿಟ್ಟೆ." (ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧ.) ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇರಲಿ ಬಿಡು. ಈಗೇನ್ ಮಾಡ್ಲಿ ಹೇಳು" ಅಂದ. ವಾರದೊಳಗೆ ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಮಗುಚಿದರೆ ಬಿಳಿ ಬೂಷ್ಟು. ಬಾವಿ ಕಡೆಯ ಸಾಲುಗಳ ಗೊನೆ ಒಣಗಿ ಕಡ್ಡಿಯಾದವು.

"ಈಗೇನ್ ಮಾಡ್ಲಿ" ಅಂತ ಕಾಕಾ ನನಗೆ ಕೇಳಿದ, ನಾನು ಅಣ್ಣನ ಮಗ ಅಂತ. ಅದೇ ಮೆಸೇಜ್ ಹೋದ ಉಳಿದ ಸಾವಿರಾರು ಜನ ಯಾರಿಗೆ ಕೇಳಿದರು? ಆ ಮೆಸೇಜು ಬರುವುದು ಅಕ್ಷರಗಳ ಒಂದು ಹೆಸರಿನಿಂದ. ಅದಕ್ಕೆ ತಿರುಗಿ ಮೆಸೇಜ್ ಕಳಿಸಲು ಬರುವುದಿಲ್ಲ. ಮೇಲಿಂದ ಕೆಳಗೆ ನೀರು ಹರಿಯುವ ಕಾಲುವೆ ಅದು. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಇಷ್ಟೇ. ನಮ್ಮ ಡಿಜಿಟಲ್ ಏರ್ಪಾಡುಗಳೆಲ್ಲ ಉತ್ತರ ಇಳಿಸುವುದರಲ್ಲಿ ವರ್ಷದಿಂದ ವರ್ಷಕ್ಕೆ ಚುರುಕಾಗಿವೆ. ರೈತನ ಎರಡನೇ ಪ್ರಶ್ನೆಯನ್ನು ಮೇಲೆತ್ತುವ ಏತ ಮಾತ್ರ ಅಪರೂಪ.

ಹವಾಮಾನದ ಮಾತು ಬಂತು. ಶಿವಾಜಿನಗರದ ಕಡೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ "ಸಿಮ್ಲಾ ಆಫೀಸ್" ಅಂತ ಕೂಗುವುದನ್ನು ಕೇಳಿರುತ್ತೀರಿ. ಪುಣೆಯಲ್ಲಿ ಸಿಮ್ಲಾ ಎಲ್ಲಿಂದ ಬಂತು ಅಂತ ನಾನೂ ಬಂದ ಹೊಸದರಲ್ಲಿ ತಲೆ ಕೆರೆದುಕೊಂಡಿದ್ದೆ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. ಕಚೇರಿ ಆಮೇಲೆ ದಿಲ್ಲಿಗೆ ಹೋಯಿತು, ಹೆಸರು ಬಸ್ ಸ್ಟಾಪಿನಲ್ಲಿ ಉಳಿಯಿತು. 1932ರಲ್ಲಿ ಇಲ್ಲೇ ಕೃಷಿ ಹವಾಮಾನ ವಿಭಾಗ ಶುರುವಾಯಿತು, ಎಲ್. ಎ. ರಾಮದಾಸ್ ಅವರ ಕೈಯಲ್ಲಿ. ನೆಲದಿಂದ ಗೇಣೆತ್ತರದ ಗಾಳಿಯ ಉಷ್ಣತೆ ಅಳೆದವರು ಅವರು. ಬೆಳೆ ಬದುಕುವುದು ಆ ಗೇಣೆತ್ತರದಲ್ಲಿ ಅಂತ ಗೊತ್ತಿದ್ದವರು. 1945ರಿಂದ ರೈತರಿಗಾಗಿ ಹವಾಮಾನ ವರದಿ ಆಕಾಶವಾಣಿಯಲ್ಲಿ ಬರತೊಡಗಿತು. ಅಂದರೆ ನಾವು ಇವತ್ತು "ಡಿಜಿಟಲ್" ಅನ್ನುವ ಕೆಲಸದ ಬೇರು ಈ ಸಭೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲಿದೆ.

ಈಗ ಎಲ್ಲಿಗೆ ಬಂದಿದ್ದೇವೆ? ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನ ಸಲಹೆ ಬರುತ್ತದೆ. 2019ರಿಂದ ಮೇಘದೂತ್ ಆ್ಯಪ್ ಇದೆ. (ಹೆಸರು ಇಟ್ಟವರು ಕಾಳಿದಾಸನನ್ನು ಚೆನ್ನಾಗಿ ಓದಿಕೊಂಡಿರಬೇಕು. ಅಲ್ಲೂ ಮೋಡ ಸಂದೇಶ ಹೊತ್ತು ಹೋಗುತ್ತದೆ, ಮರಳಿ ಉತ್ತರ ತರುವುದಿಲ್ಲ.) 2024 ನನಗೆ ಬಹಳ ಕಾಡಿದ ವರ್ಷ. ಜಿಲ್ಲೆಗೊಂದರಂತೆ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹವಾಮಾನ ಘಟಕಗಳಿದ್ದವು, ದೇಶದ 199 ಜಿಲ್ಲೆಗಳಲ್ಲಿ. ಅಲ್ಲಿ ಕೂತ ಒಬ್ಬರು ಅಂಕಿಯನ್ನು ಓದಿ, ನಮ್ಮ ಜಿಲ್ಲೆಯ ತೊಗರಿಗೆ ಇದರ ಅರ್ಥ ಏನು, ದ್ರಾಕ್ಷಿಗೆ ಏನು ಅಂತ ಸ್ಥಳೀಯ ಭಾಷೆಯಲ್ಲಿ ಬರೆಯುತ್ತಿದ್ದರು. ಆ ಘಟಕಗಳನ್ನು ಮಾರ್ಚ್ ಕೊನೆಗೆ ಮುಚ್ಚಬೇಕೆಂದು ಆ ವರ್ಷ ಆದೇಶ ಹೊರಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಹವಾಮಾನ ಮುನ್ಸೂಚನೆ ಶುರುವಾಯಿತು. ಎರಡನೆಯದು ನಿಜಕ್ಕೂ ದೊಡ್ಡ ಹೆಜ್ಜೆ, ನನ್ನ ಕಾಕಾನ ನವೆಂಬರ್‌ನಲ್ಲಿ ಅದು ಇದ್ದಿದ್ದರೆ ನಾನು ಇವತ್ತು ಬೇರೆ ಏನೋ ಮಾತಾಡುತ್ತಿದ್ದೆ. ಆದರೆ ಅಂಕಿ ಊರೊಳಕ್ಕೆ ಬಂತು; ಅಂಕಿಯನ್ನು ಬಿಡಿಸಿ ಹೇಳುವ ಮನುಷ್ಯ ಬೇಡ ಅನ್ನಿಸಿತು. ಎರಡೂ ಒಂದೇ ವರ್ಷ.

ಸರಿ, ರೈತ ಹಾಗಾದರೆ ಯಾರನ್ನು ಕೇಳುತ್ತಾನೆ? ಇದಕ್ಕೆ ಒಂದು ಹಳೆಯ, ಗಟ್ಟಿ ಲೆಕ್ಕ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2003ರಲ್ಲಿ, ತಮ್ಮ 59ನೇ ಸುತ್ತಿನಲ್ಲಿ, ಕೃಷಿ ಮಾಹಿತಿ ಎಲ್ಲಿಂದ ಸಿಗುತ್ತದೆ ಅಂತ ರೈತರ ಮನೆಗಳಲ್ಲಿ ಕೇಳಿದರು. ಊರಿನ ಮುಂದುವರಿದ ರೈತರಿಂದ ಅಂದವರು ಶೇ. 16.7. ಬೀಜ ಗೊಬ್ಬರದ ಅಂಗಡಿಯವನಿಂದ, 13.1. ರೇಡಿಯೋದಿಂದ, 13. ಸರ್ಕಾರದ ವಿಸ್ತರಣಾ ಸಿಬ್ಬಂದಿಯಿಂದ, 5.7. ಯಾವ ಮೂಲದಿಂದಲೂ ಇಲ್ಲ ಅಂದವರು ಶೇ. 60. ಆಮೇಲೆ 2004ರ ಜನವರಿಯಲ್ಲಿ ಕಿಸಾನ್ ಕಾಲ್ ಸೆಂಟರ್ ಬಂತು, 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಊರೂರಿಗೆ ಮೊಬೈಲ್ ಬಂತು. ಹತ್ತು ವರ್ಷದ ಮೇಲೆ 2013ರಲ್ಲಿ ಮತ್ತೆ ಸಮೀಕ್ಷೆ, 70ನೇ ಸುತ್ತು. ಯಾರಿಂದಲೂ ತಾಂತ್ರಿಕ ಸಲಹೆ ಸಿಗಲಿಲ್ಲ ಅಂದವರು ಸುಮಾರು ಶೇ. 59. ಮೊಬೈಲ್ ದೇಶವನ್ನೇ ತಿರುಗಿ ಹಾಕಿದ ಹತ್ತು ವರ್ಷ ಅವು. ಈ ಲೆಕ್ಕದಲ್ಲಿ ಕದಲಿದ್ದು ಒಂದು.

ಗೊಬ್ಬರದಂಗಡಿಯವನನ್ನು ಬೈಯುವುದು ಸುಲಭ. ನಾನೂ ಬೈದವನೇ. ಈಗ ಸ್ವಲ್ಪ ಗೌರವ ಬಂದಿದೆ. ಕಾಕಾ ಒಣಗಿದ ಎಲೆ ಹಿಡಿದು ಅಂಗಡಿಗೆ ಹೋಗುತ್ತಾನೆ. ಅವನು ಎಲೆ ತಿರುವಿ ನೋಡುತ್ತಾನೆ, ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳುತ್ತಾನೆ, ಬಾಟಲಿ ತೆಗೆದು ಕೌಂಟರಿನ ಮೇಲಿಡುತ್ತಾನೆ, "ಪಂಪಿಗೆ ಎರಡು ಮುಚ್ಚಳ, ಸಂಜೀಕ ಹೊಡಿ" ಅನ್ನುತ್ತಾನೆ. ರೊಕ್ಕ ಮಣೂಕ (ಒಣದ್ರಾಕ್ಷಿ) ಮಾರಿದ ಮೇಲೆ. ನನ್ನ ಮೆಸೇಜಿನಲ್ಲಿ "ಲೀಟರಿಗೆ 1 ಮಿ.ಲೀ." ಅಂತ ಇರುತ್ತಿತ್ತು. ಕಾಕಾನ ಬಳಿ ಮಿ.ಲೀ. ಅಳೆಯುವ ಪಾತ್ರೆ ಇಲ್ಲ. ಬೆನ್ನಿಗೆ ಹಾಕುವ ಪಂಪಿದೆ, ಬಾಟಲಿಯ ಮುಚ್ಚಳ ಇದೆ. ಅಂಗಡಿಯವನು ರೈತನ ಅಳತೆಯಲ್ಲಿ ಉತ್ತರ ಕೊಡುತ್ತಾನೆ, ಜೊತೆಗೆ ಉದ್ರಿ ಕೊಡುತ್ತಾನೆ, ನಾಳೆ ಮತ್ತೆ ಹೋದರೆ ಅಲ್ಲೇ ಕೂತಿರುತ್ತಾನೆ. ಬೇಡದ ಎರಡು ಟಾನಿಕ್ ಬಾಟಲಿಯನ್ನೂ ಹಚ್ಚಿ ಕಳಿಸುತ್ತಾನೆ, ಅದು ಬೇರೆ ಮಾತು. ಈ ಅಂಗಡಿಯವರಿಗೇ ಪಾಠ ಹೇಳಬೇಕೆಂದು ಹೈದರಾಬಾದಿನ ಮ್ಯಾನೇಜ್ ಅನ್ನುವ ಕೃಷಿ ವಿಸ್ತರಣಾ ಸಂಸ್ಥೆ 2003ರಲ್ಲೇ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು. ಆ್ಯಪುಗಳ ಸದ್ದಿನಲ್ಲಿ ಅದರ ಸುದ್ದಿ ಯಾರೂ ಎತ್ತುವುದಿಲ್ಲ.

ಬೆಲೆಯ ವಿಷಯಕ್ಕೆ ಬರುತ್ತೇನೆ. ಮೊಬೈಲಿನಿಂದ ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಅನ್ನುವವರು ಎಲ್ಲರೂ ಒಂದು ಕಥೆ ಹೇಳುತ್ತಾರೆ. ಕಥೆ ನಿಜ. ಉತ್ತರ ಕೇರಳದ ಕರಾವಳಿ, 1997ರಿಂದ 2001. ಮೊಬೈಲ್ ಟವರ್ ಒಂದೊಂದೇ ಪಟ್ಟಣಕ್ಕೆ ಬಂದಂತೆ ಮೀನುಗಾರರು ದೋಣಿಯಿಂದಲೇ ಫೋನ್ ಹಚ್ಚಿ ಎಲ್ಲಿ ಬೆಲೆ ಇದೆಯೋ ಆ ದಡಕ್ಕೆ ತಿರುಗಿಸತೊಡಗಿದರು. ರಾಬರ್ಟ್ ಜೆನ್ಸನ್ ಅನ್ನುವ ಅರ್ಥಶಾಸ್ತ್ರಜ್ಞ 2007ರಲ್ಲಿ ಪ್ರಕಟಿಸಿದ ಲೆಕ್ಕ: ಮೀನುಗಾರನ ಲಾಭ ಶೇ. 8 ಏರಿತು, ಕೊಳ್ಳುವವನ ಬೆಲೆ ಶೇ. 4 ಇಳಿಯಿತು, ಮಾರಾಟವಾಗದೆ ಚೆಲ್ಲುವ ಮೀನು ನಿಂತೇ ಹೋಯಿತು.

ಇನ್ನೊಂದು ಕಥೆ ನಮ್ಮ ಮಹಾರಾಷ್ಟ್ರದ್ದು, ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ರಾಯಿಟರ್ಸ್‌ನವರು 2007ರಲ್ಲಿ ಈ ರಾಜ್ಯದಲ್ಲಿ ರೈತರಿಗೆ ಬೆಲೆ, ಹವಾಮಾನ, ಬೆಳೆ ಸಲಹೆಯ ಎಸ್ಸೆಮ್ಮೆಸ್ ಸೇವೆ ತಂದರು. ಫಾಫ್‌ಷಾಂಪ್ಸ್ ಮತ್ತು ಮಿಂಟನ್ ಅನ್ನುವ ಇಬ್ಬರು ಅದನ್ನು 100 ಹಳ್ಳಿಗಳಲ್ಲಿ ಪರೀಕ್ಷೆಗೆ ಹಚ್ಚಿದರು. ಪುಣೆ, ನಾಶಿಕ ಮುಂತಾದ ಕಡೆಯ ಈರುಳ್ಳಿ, ಟೊಮ್ಯಾಟೊ, ದಾಳಿಂಬೆಯವರು. ಕೆಲವರಿಗೆ ವರ್ಷಪೂರ್ತಿ ಪುಕ್ಕಟೆ ಮೆಸೇಜ್, ಕೆಲವರಿಗೆ ಇಲ್ಲ. 2012ರಲ್ಲಿ ಫಲಿತಾಂಶ ಬಂತು. ಸಿಕ್ಕ ಬೆಲೆಯಲ್ಲಿ, ಮಳೆಯಿಂದಾದ ನಷ್ಟದಲ್ಲಿ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅದೇ ಮೊಬೈಲು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಇದು ನನ್ನ ವಿವರಣೆ, ಅವರದ್ದಲ್ಲ. ದೋಣಿಗೆ ಚುಕ್ಕಾಣಿ ಇದೆ. ಸೊಲ್ಲಾಪುರದ ಅಡತಿ (ದಲಾಲಿ) ಅಂಗಡಿಗೆ ಇಳಿಸಿದ ಈರುಳ್ಳಿ ಚೀಲಕ್ಕೆ ಚುಕ್ಕಾಣಿ ಇಲ್ಲ. ರಾತ್ರಿ ಲಾರಿ ಹೋಗಿದೆ, ಬಾಡಿಗೆ ಕೊಟ್ಟಾಗಿದೆ, ಬೆಳಿಗ್ಗೆ ಸವಾಲು, ಅಂದರೆ ಹರಾಜು. ಅಲ್ಲಿ ನಿಂತು ಆ್ಯಪ್ ತೆಗೆದರೆ ಕ್ವಿಂಟಲಿಗೆ ಕನಿಷ್ಠ ನೂರು ಇನ್ನೂರು, ಗರಿಷ್ಠ ಎರಡು ಮೂರು ಸಾವಿರ ಅಂತ ಒಂದೇ ಪೇಟೆಯ ಒಂದೇ ದಿನದ ಸಾಲು. ಇದು ಅಪರೂಪವಲ್ಲ. ಗರಿಷ್ಠ ಬೆಲೆ ಸಿಕ್ಕದ್ದು ಯಾರದೋ ಹತ್ತು ಚೀಲಕ್ಕೆ. ನನ್ನ ಸರಕು ಯಾವ ಗ್ರೇಡ್ ಅಂತ ಹೇಳುವವನು ಮತ್ತೆ ಅಡತಿಯವನೇ. ಅವನ ಹತ್ತಿರವೇ ಬಿತ್ತನೆಗೆ ಮುಂಗಡ ತಂದಿದ್ದರಂತೂ ಬೆಲೆ ತಿಳಿದು ಹೊಟ್ಟೆ ಉರಿಯುವುದೊಂದೇ ಲಾಭ.

(ಇಲ್ಲಿ ಹಿಂದಿನ ಸಾಲಿನ ಹುಡುಗರೊಬ್ಬರು ಎದ್ದು, "ಸರ್, ನೀವು ಎಸ್ಸೆಮ್ಮೆಸ್ ಕಾಲದ ಮಾತು ಹೇಳ್ತಿದ್ದೀರಿ. ಈಗ ಎಐ ಇದೆ. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಬರುತ್ತೆ" ಅಂದರು. ಒಪ್ಪಬೇಕಾದ ಮಾತೇ.)

ನಿಜ. 2023ರಲ್ಲಿ ಪಿಎಂ ಕಿಸಾನ್‌ಗೆ ಮಾತಾಡುವ ಚಾಟ್‌ಬಾಟ್ ಬಂತು. ಎಲೆಯ ಫೋಟೋ ಹಾಕಿದರೆ ರೋಗ ಗುರುತಿಸುವ ಆ್ಯಪುಗಳಿವೆ. ಟೈಪು ಮಾಡಲು ಬಾರದ ಕಾಕಾನಿಗೆ ಮಾತಿನ ದಾರಿ ತೆರೆದದ್ದು ಸಣ್ಣ ಸಂಗತಿಯಲ್ಲ. ಎಸ್ಸೆಮ್ಮೆಸ್ಸಿಗೆ ಕೇಳಲಾಗದ ಎರಡನೇ ಪ್ರಶ್ನೆಯನ್ನು ಇದಕ್ಕೆ ಕೇಳಬಹುದು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂಥದೊಂದು ಆ್ಯಪನ್ನು ನಾನೇ ಕಾಕಾನ ಫೋನಿಗೆ ಹಾಕಿಕೊಟ್ಟೆ. ಪಡದ ನಡುವೆ ನಿಂತು ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದ: "ಸಂಜೀಕ ಎಣ್ಣಿ ಹೊಡೀಬೇಕಂತೀನಿ, ಹೊಡೀಲೇನು?" ಅದು ಬಹಳ ವಿನಯದಿಂದ, ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಟುಂಬದವರೊಂದಿಗೆ ಮಾತನಾಡಿ ಎಂದಿತು. ಅದು ಕಲಿತ ಕನ್ನಡ ಬೆಂಗಳೂರಿನದು, ಅಲ್ಲಿ ಎಣ್ಣೆ ಹೊಡೆಯುವುದು ಬೇರೆ. ಕಾಕಾನ ಹೆಂಡತಿ ಕಾಕು ಬದುವಿನ ಮೇಲೆ ಕೂತು ನಗಲು ಶುರು ಮಾಡಿದವಳು ಊಟದ ತನಕ ನಿಲ್ಲಿಸಲಿಲ್ಲ. "ಖರೇನ ಹೇಳೈತಿ ತಗೋರಿ, ಕೇಳ್ರಿ ಅದರ ಮಾತ" ಅಂತ.

ನಗೆ ಆಯಿತು. ಇದನ್ನು ತಿದ್ದುವುದು ಕಷ್ಟವಲ್ಲ, ವಿಜಯಪುರದ ಮಾತು ನಾಲ್ಕು ಸಾವಿರ ತಾಸು ಕೇಳಿಸಿದರೆ ಯಂತ್ರ ಕಲಿಯುತ್ತದೆ. ಕಲಿಸಬೇಕಾದ್ದು ಇನ್ನೊಂದಿದೆ. ಅವತ್ತು ಊಟ ಆದಮೇಲೆ ಕಾಕು ಒಂದು ಮಾತು ಹೇಳಿದಳು. ದಾವಣಿ ಪ್ರತಿ ವರ್ಷ ಮೊದಲು ಕಾಣುವುದು ಬಾವಿ ಕಡೆಯ ಮೂರನೇ ಸಾಲಿನಲ್ಲಿ, ಬೇವಿನ ಮರದ ನೆರಳು ಹತ್ತು ಗಂಟೆಯವರೆಗೆ ಬೀಳುವ ಕಡೆ. ಅಲ್ಲಿ ಎಲೆ ತಡವಾಗಿ ಒಣಗುತ್ತದೆ. ಅದು ಕಂಡ ನಾಲ್ಕೈದು ದಿನಕ್ಕೆ ಉಳಿದ ಸಾಲಿಗೆ. ಇದು ಅವಳಿಗೆ ಹತ್ತು ವರ್ಷದಿಂದ ಗೊತ್ತು. ಯಾವ ಆ್ಯಪೂ ಅವಳನ್ನು ಕೇಳಿಲ್ಲ. ಕೇಳುವ ದಾರಿಯೂ ಇಲ್ಲ, ಅವಳ ಹೆಸರಿನಲ್ಲಿ ಫೋನೇ ಇಲ್ಲ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಸ್ವಂತ ಮೊಬೈಲ್ ಇದೆ ಅಂದ ಹಳ್ಳಿಯ ಹೆಂಗಸರು ನೂರಕ್ಕೆ 47ರಷ್ಟು ಮಾತ್ರ. ಗೊನೆ ಬಿಡಿಸುವವರು, ಮಣೂಕ ಆರಿಸುವವರು, ಎಲೆ ಮಗುಚಿ ನೋಡುವವರು ಅವರೇ.

ಕನ್ನಡದಲ್ಲಿ ಈ ದಾರಿಯನ್ನು ಒಬ್ಬರು ಬಹಳ ಹಿಂದೆ ತೆರೆದಿದ್ದರು, ಕಂಪ್ಯೂಟರ್ ಇಲ್ಲದೆ. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ. ಶ್ರೀಪಡ್ರೆಯವರು ಅಲ್ಲಿ ಮಾಡಿದ್ದು ಇಷ್ಟೇ: ವಿಜ್ಞಾನಿ ಬರೆದು ರೈತ ಓದುವ ಬದಲು, ರೈತನ ಕೈಗೆ ಲೇಖನಿ ಕೊಟ್ಟರು. ಒಬ್ಬ ತನ್ನ ತೋಟದಲ್ಲಿ ಕಂಡದ್ದನ್ನು ಬರೆದ, ಇನ್ನೊಬ್ಬ ಅದನ್ನು ಓದಿ ಹೋಗಿ ನೋಡಿ ಬಂದ. ಇವತ್ತಿನ ವಾಟ್ಸಾಪ್ ಗುಂಪುಗಳು ಒಳ್ಳೆಯದಿದ್ದಾಗ ಅದನ್ನೇ ಮಾಡುತ್ತವೆ. ಕೆಟ್ಟಿದ್ದಾಗ ಒಂದು ಎಲೆಯ ಫೋಟೋಗೆ ಎಂಟು ಬಾಟಲಿಯ ಫೋಟೋ ಉತ್ತರವಾಗಿ ಬರುತ್ತದೆ, ಎಂಟೂ ಬೇರೆ ಬೇರೆ ಅಂಗಡಿಯವು.

ಜತ್ತ, ಅಕ್ಕಲಕೋಟೆಯವರು ಯಾರಾದರೂ ಇದ್ದೀರಾ? ಇದ್ದೀರಿ. ನಿಮ್ಮ ಪಾಡು ಇನ್ನೂ ಒಂದು ಕೈ ಮೇಲು. ಮನೆಯಲ್ಲಿ ಕನ್ನಡ, ಸಾತಬಾರಾ (ಪಹಣಿ) ಮರಾಠಿ, ಸಲಹೆ ಮರಾಠಿ, ಬಾಟಲಿಯ ಮೇಲೆ ಇಂಗ್ಲಿಷ್. ಗಡಿಯ ಆಚೆ ತಿಕೋಟಾದಲ್ಲೂ ದ್ರಾಕ್ಷಿಯ ವಿದ್ಯೆ ಬರುವುದು ಸಾಂಗ್ಲಿ, ತಾಸಗಾಂವ್‌ನಿಂದ. ಮಣೂಕ ಮಾರುವುದೂ ಅಲ್ಲೇ. ಕಾಕಾ ನೋಡುವ ಯೂಟ್ಯೂಬ್ ಪೂರಾ ಮರಾಠಿ. ಜಿಲ್ಲೆ, ರಾಜ್ಯ ಅಂತ ಗೆರೆ ಎಳೆದು ಮಾಹಿತಿ ಹಂಚುವವರಿಗೆ ಬಳ್ಳಿಗೆ ಗಡಿ ಗೊತ್ತಿಲ್ಲ ಅನ್ನುವುದು ಹೊಳೆದಿಲ್ಲ.

ಮುಂದೆ ಕೂತ ಅಕ್ಕ ಆಗಲೇ ಕೈ ಎತ್ತಿದ್ದರು, "ಇಲ್ಲಿಂದ ನಾವೇನು ಮಾಡೋದು, ಇನ್ನೊಂದು ಆ್ಯಪ್ ಬರೆಯೋದಾ?" ಅಂತ. ಬೇಡ ಮಹಾರಾಯ್ತಿ. ನಾನು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ, ಅಷ್ಟೇ. ಒಟಿಪಿಗೆ ಫೋನ್ ಬಂದಾಗ ಆರು ಅಂಕಿ ಹೇಳಿ ಇಡುವುದಿಲ್ಲ. ಪಡದಲ್ಲಿ ಏನು ನಡೆದಿದೆ ಕೇಳುತ್ತೇನೆ. ಅಂಗಡಿಯವನು ಕೊಟ್ಟ ಬಾಟಲಿಯ ಲೇಬಲ್ಲಿನ ಫೋಟೋ ತರಿಸಿಕೊಳ್ಳುತ್ತೇನೆ. ಅದರ ಮೇಲಿನ ತ್ರಿಕೋನ ಕೆಂಪೋ, ಹಳದಿಯೋ, ನೀಲಿಯೋ, ಹಸಿರೋ ನೋಡುತ್ತೇನೆ. ಕೆಂಪಾದರೆ ಕಡು ವಿಷ. ಯಾವ ಬೆಳೆಗೆ ಅಂತ ಬರೆದಿದೆ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಇರುವೆ ಗಾತ್ರದ ಆ ಅಕ್ಷರ ದೊಡ್ಡದು ಮಾಡಿ ಓದಿ ಹೇಳುತ್ತೇನೆ.

ಹೋದ ತಿಂಗಳೂ ಹಾಗೇ ಓದಿದೆ. ಲೀಟರಿಗೆ 1 ಮಿ.ಲೀ., ಪಂಪು 16 ಲೀಟರಿನದು, ಹದಿನಾರು ಮಿ.ಲೀ. ಹಾಕು ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಖರೆ ತಮ್ಮಾ. ಪಂಪಿಗೆ ಎಷ್ಟು ಮುಚ್ಚಳ ಹೇಳು" ಅಂದ. ಮುಚ್ಚಳ ಎಷ್ಟು ಹಿಡಿಸುತ್ತದೆ ಅಂತ ಲೇಬಲ್ಲಿನ ಮೇಲೆ ಎಲ್ಲೂ ಇರಲಿಲ್ಲ. ನಾನು ಇಲ್ಲಿ ಲ್ಯಾಪ್‌ಟಾಪ್ ತೆಗೆದು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಾಕು ಎಮ್ಮೆಗೆ ಇಂಜೆಕ್ಷನ್ ಕೊಡುವ ಖಾಲಿ ಸಿರಿಂಜಿನಲ್ಲಿ ನೀರೆಳೆದು ಮುಚ್ಚಳಕ್ಕೆ ತುಂಬಿ ನೋಡಿ, ಫೋನಿನ ಹತ್ತಿರ ಬಂದು ಹೇಳಿದಳು, "ಮುಚ್ಚಳಕ್ಕ ಎಂಟು."